ಕೇಳಿದ್ದು ಮೂರು, ಉತ್ತರ ಮಾತ್ರ ಒಂದೇ "ಓಕೆ ಸರ್"

ಗಂಗಾವತಿ ಕಡೆ ರೈಸ್ ಮಿಲ್ ಆಫೀಸ್‌ನಾಗ ಮೇಲ್ ನೋಡೋ ಕೆಲಸ ನಂದು, ಅದಕ್ಕ ಈ ಹೊಟ್ಟೆಉರಿ. ಅಕ್ಕಿ ತಗೊಳ್ಳೋ ಪಾರ್ಟಿಗೆ ಮೇಲ್ ಹಾಕ್ತೀವಿ, ಚೀಲ 25 ಕೆಜಿದಾ 26 ಕೆಜಿದಾ, ನುಚ್ಚು ಎಷ್ಟು ಪರ್ಸೆಂಟ್ ತನಕ ನಡೀತೈತಿ, ಲಾರಿ ಯಾವತ್ತು ಲೋಡ್ ಮಾಡ್ಬೇಕು ಅಂತ. ವಾಪಸ್ ಬರೋದೇನು? ಮ್ಯಾಲೆ "ಓಕೆ ಸರ್", ಕೆಳಗ ಹೋದ ತಿಂಗಳಿಂದ ಬಂದ ಹಳೇ ಮೇಲ್‌ಗಳೆಲ್ಲಾ ಬಾಲದಂಗ. ಓಕೆ ಯಾವುದಕ್ಕಪಾ? 2022 ಜುಲೈಯಿಂದ ಲೇಬಲ್ ಹಾಕಿದ 25 ಕೆಜಿ ಚೀಲಕ್ಕ 5 ಪರ್ಸೆಂಟ್ ಜಿಎಸ್‌ಟಿ, 26ಕ್ಕ ಇಲ್ಲ, ಅಂದ್ರ ಆ ಒಂದು ಕೆಜಿ ಮ್ಯಾಲೆ ಬಿಲ್ಲೇ ಬದಲಾಗ್ತೈತಿ, ಮತ್ತ ಫೋನ್ ಹಚ್ಚೇ ಕೇಳೋದಾದ್ರ ಮೇಲ್ ಯಾಕ ಬೇಕಿತ್ತು.

ರಿಪ್ಲೈ ಮಾಡುವಾಗ ಕೇಳಿದ ಸಾಲಷ್ಟೇ ಉಳಿಸ್ರಿ, ಅದರ ಬುಡಕ್ಕ ಉತ್ತರ ಬರೀರಿ, ಮತ್ತ ಮುಂದಿನ ಸಾಲು, ಅದರ ಬುಡಕ್ಕ ಅದರ ಉತ್ತರ, ಉಳಿದದ್ದು ಡಿಲೀಟ್. ಇದು ನಾ ಹುಟ್ಟಿಸಿದ್ದಲ್ಲ, ಇಂಟರ್ನೆಟ್‌ನಾಗ ಹೆಂಗ್ ನಡ್ಕೋಬೇಕು ಅಂತ ಹೇಳೋ 1995ರ ಆರ್‌ಎಫ್‌ಸಿ 1855 ಅನ್ನೋ ನೆಟಿಕೆಟ್ ಗೈಡ್‌ಲೈನ್ಸ್‌ನಾಗೂ ಸಂದರ್ಭ ತಿಳಿಯುವಷ್ಟು ಹಳೇ ಮಾತು ಇಟ್ರ ಸಾಕು ಅಂತ ಐತಿ. ಈಗ ಔಟ್‌ಲುಕ್, ಜಿಮೇಲ್ ಎರಡೂ ರಿಪ್ಲೈ ಒತ್ತಿದ ಕೂಡ್ಲೇ ಕರ್ಸರ್ ಮ್ಯಾಲೇ ತಂದು ನಿಲ್ಲಿಸ್ತಾವ, ಜಿಮೇಲ್ ಅಂತೂ ಬಾಲನ ಮೂರು ಚುಕ್ಕಿ ಹಿಂದ ಮುಚ್ಚಿಡ್ತೈತಿ, ಹಿಂಗಾಗಿ ಯಾರೂ ಕೆಳಗ ನೋಡೋದೇ ಇಲ್ಲ.

ಆದ್ರ ನಮ್ಮ ಕಡೆ ಅಸಲಿ ಕಾರಣ ಬ್ಯಾರೇನೇ ಐತಿ. ಆಫೀಸ್ ಹುಡುಗಗ ಹಿಂಗ್ ಬರಿ ಅಂದ್ರ, "ಅಣ್ಣಾ, ಸಾವ್ಕಾರ್ರು ಬರೆದ ಸಾಲಿನ ನಡುವ ನಾ ಬರೀಲೇನು? ಅಳಿಸಿದ್ರ ಏನಂತಾರ?" ಅಂತಾನ. ದೊಡ್ಡೋರು ಮಾತಾಡುವಾಗ ನಡುವ ಬಾಯಿ ಹಾಕಬಾರ್ದು ಅಂತ ಬೆಳೆಸ್ಯಾರಲ್ಲ, ಆ ಅಂಜಿಕೆ ಮೇಲ್‌ಗೂ ಬಂದೈತಿ. ಅವರು ಬರೆದದ್ದು ಅವರ ಸೆಂಟ್ ಫೋಲ್ಡರ್‌ನಾಗ ಹಂಗೇ ಇರ್ತೈತೋ ತಮ್ಮಾ!

ಬಾಲ ಅಳಿಸದೇ ಫಾರ್ವರ್ಡ್ ಮಾಡೋದಂತೂ ಇನ್ನೂ ಡೇಂಜರ್. ನಾವು ನಮ್ಮೊಳಗ ಮಾತಾಡ್ಕೊಂಡ ಕೊನೇ ರೇಟು, ಲಾರಿ ಬಾಡಿಗಿ, ಹಮಾಲಿ ಎಲ್ಲಾ ಅಲ್ಲೇ ಕೆಳಗ ಕುಂತಿರ್ತಾವ, ತಗೊಳ್ಳೋನು ಆರಾಮಾಗಿ ಓದಿ ಆಮ್ಯಾಲೆ ಚೌಕಾಸಿಗೆ ಇಳೀತಾನ.

ಕತ್ತರಿಸೋದು ಅಂದ್ರ ಅರ್ಥ ಕತ್ತರಿಸೋದಲ್ಲ ಮತ್ತ. "ಸ್ಯಾಂಪಲ್ ಪಾಸಾದ್ರ ಶುಕ್ರವಾರ ಲೋಡ್ ಮಾಡ್ತೀವಿ" ಅಂತ ನಾವು ಬರೆದದ್ರಾಗ ಮೊದಲಿನ ಎರಡು ಮಾತು ಹಾರಿಸಿ "ಶುಕ್ರವಾರ ಲೋಡ್ ಮಾಡ್ತೀವಿ ಅಂದಿದ್ರಿ" ಅಂತ ಕೋಟ್ ಮಾಡೋ ಮಹಾನುಭಾವರು ಅದಾರ. ಅಂಥೋರಿಗೆ ಮಾತ್ರ ನಾ ಒಂದು ಸಾಲೂ ಅಳಿಸಂಗಿಲ್ಲ, ಪೂರ್ತಿ ಬಾಲ ಹಚ್ಚಿ, ಬ್ರೋಕರ್‌ನ್ನೂ ಸಿಸಿಯಾಗ ಹಾಕೇ ಕಳಿಸ್ತೀನಿ, ಕುಂತು ಓದ್ಕೊಳ್ಲಿ.