ಕಲ್ಲು ಓದದೆ ಪಡೆಯುವ ಪ್ರಾಚೀನ ಇತಿಹಾಸದ ಪದವಿ

ಪ್ರತಿವರ್ಷ ಸ್ನಾತಕೋತ್ತರ ಪ್ರವೇಶದ ದಿನಗಳಲ್ಲಿ ಪ್ರಾಚೀನ ಇತಿಹಾಸ, ಹಳಗನ್ನಡ, ಸಂಸ್ಕೃತ ಮುಂತಾದ ವಿಷಯಗಳನ್ನು ಆರಿಸಿಕೊಳ್ಳುವ ಮಕ್ಕಳಿಗೆ ಮನೆಯಲ್ಲೂ ನೆಂಟರಿಷ್ಟರಲ್ಲೂ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಓದಿ ಮುಂದೇನು ಮಾಡುತ್ತೀಯ? ಪ್ರಾಚೀನ ಇತಿಹಾಸದಲ್ಲೇ ಎಂ.ಎ. ಮಾಡಿ, ಈಗ ಪದವಿ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿರುವ ನನಗೆ ಆ ಪ್ರಶ್ನೆ ಅಷ್ಟಾಗಿ ಚುಚ್ಚುವುದಿಲ್ಲ. ಹೊಟ್ಟೆಪಾಡಿನ ಚಿಂತೆ ಎಲ್ಲ ತಂದೆತಾಯಿಯರಿಗೂ ಸಹಜ. ನನ್ನನ್ನು ಕಾಡುವುದು ಯಾರೂ ಕೇಳದ ಇನ್ನೊಂದು ಪ್ರಶ್ನೆ. ಎರಡು ವರ್ಷ ಪ್ರಾಚೀನ ಇತಿಹಾಸ ಓದಿ ಪದಕ ಕೊರಳಿಗೆ ಹಾಕಿಕೊಂಡು ಹೊರಬರುವ ವಿದ್ಯಾರ್ಥಿಗೆ, ಊರ ಕೆರೆಯ ಏರಿಯ ಮೇಲೆ ನಿಂತಿರುವ ಗಂಗರ ಕಾಲದ ಒಂದು ಶಾಸನದ ಕಲ್ಲನ್ನು ಯಾರ ನೆರವೂ ಇಲ್ಲದೆ ಓದಲು ಬರುತ್ತದೆಯೇ? ನಾನು ಕಂಡಮಟ್ಟಿಗೆ, ಹೆಚ್ಚಿನವರಿಗೆ ಬರುವುದಿಲ್ಲ. ಬರಬೇಕೆಂದು ಅವರಿಂದ ಯಾರೂ ನಿರೀಕ್ಷಿಸುವುದೂ ಇಲ್ಲ.

ನಾನು ಓದಿದ ವಿಭಾಗದಲ್ಲಿ ಶಾಸನಶಾಸ್ತ್ರಕ್ಕೆ ಒಂದು ಪತ್ರಿಕೆ ಇತ್ತು. ಬ್ರಾಹ್ಮಿಯಿಂದ ಕನ್ನಡ ಲಿಪಿ ಬೆಳೆದ ಬಗೆ, ಶಾಸನಗಳ ವರ್ಗೀಕರಣ, ಇತಿಹಾಸ ರಚನೆಯಲ್ಲಿ ಶಾಸನಗಳ ಮಹತ್ವ ಎಂಬ ಶೀರ್ಷಿಕೆಗಳ ಕೆಳಗೆ ಟಿಪ್ಪಣಿ ಬರೆಸಿಕೊಂಡು, ಅವನ್ನೇ ಪರೀಕ್ಷೆಯಲ್ಲಿ ಒಪ್ಪಿಸಿ ಅಂಕ ಪಡೆದೆವು. ಒಂದು ಪೂರ್ಣ ಶಾಸನವನ್ನು ಮೊದಲ ಸಾಲಿನಿಂದ ಕೊನೆಯ ಶಾಪದ ಮಾತಿನವರೆಗೆ ಕುಳಿತು ಓದಿದ್ದು ನೆನಪಿಲ್ಲ. ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ ಕನ್ನಡ ವಿಭಾಗದವರು ಪಂಪನ ಪದ್ಯಗಳನ್ನು ಅನ್ವಯ ಮಾಡಿ ಅರ್ಥ ಹೇಳುತ್ತಿದ್ದರು; ಅವರಿಗೆ ವೇಮುಲವಾಡದ ಚಾಲುಕ್ಯರು ಕವಿಪರಿಚಯದ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತಿದ್ದರು. ನಮಗೆ ಅರಿಕೇಸರಿ ವಂಶಾವಳಿಯ ಒಂದು ಹೆಸರು, ಅವರಿಗೆ ಪಂಪನನ್ನು ಸಾಕಿದ ಒಬ್ಬ ದೊರೆ. ಎರಡೂ ಗುಂಪಿನವರು ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದೆವು ಎಂಬುದನ್ನು ಬಿಟ್ಟರೆ ನಮ್ಮ ನಡುವೆ ಬೇರೆ ಸಂಬಂಧವಿರಲಿಲ್ಲ.

ಇದರಿಂದ ಕಳೆದುಕೊಳ್ಳುವುದು ಏನೆಂದು ತಿಳಿಯಲು ಆತಕೂರಿನ ಶಾಸನವೊಂದೇ ಸಾಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು ಕ್ರಿ.ಶ. 949-50ರದು. ಪಠ್ಯಪುಸ್ತಕಕ್ಕೆ ಇದರಿಂದ ಬೇಕಾದದ್ದು ಒಂದೇ ಸಾಲು: ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನ ನೆರವಿನಿಂದ ಚೋಳರನ್ನು ಸೋಲಿಸಿದನು, ಚೋಳ ರಾಜಾದಿತ್ಯನು ಮಡಿದನು. ಕಲ್ಲನ್ನೇ ಓದಿದವರಿಗೆ ಸಿಗುವುದು ಬೇರೆ ಲೋಕ. ಬೂತುಗನ ಆಳು ಮಣಲೆರನು ಯುದ್ಧದಲ್ಲಿ ತೋರಿದ ಕಲಿತನಕ್ಕೆ ಮೆಚ್ಚಿದ ದೊರೆ ಬೇಕಾದ್ದನ್ನು ಬೇಡು ಎನ್ನುತ್ತಾನೆ. ಮಣಲೆರ ಬೇಡುವುದು ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ಗುಡ್ಡದ ಬಳಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಕಾದಾಡಿ ಒಟ್ಟಿಗೇ ಸಾಯುತ್ತವೆ. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡುತ್ತಾರೆ. ಆ ಭೂಮಿಯನ್ನು ಅನುಭವಿಸುವ ಗೊರವನು, ಅಂದರೆ ಗುಡಿಯ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಕಟ್ಟುಪಾಡು ಮಾಡುತ್ತಾರೆ. ಹಂದಿಯನ್ನು ಕಚ್ಚಿ ಹಿಡಿದ ನಾಯಿಯ ಶಿಲ್ಪವೂ ಅದೇ ಕಲ್ಲಿನ ಮೇಲಿದೆ. ಗೆಲುವಿಗೆ ಬಹುಮಾನವಾಗಿ ಬೂತುಗನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂದು ಸಂಖ್ಯೆಯೊಡನೆ ಹೆಸರಿಸುವ ನಾಡುಗಳು ದೊರೆತ ವಿವರವೂ ಇಲ್ಲೇ ಸಿಗುತ್ತದೆ. ಸಾಮ್ರಾಜ್ಯಗಳ ರಾಜಕೀಯ, ನಾಡುಗಳ ಆಡಳಿತ, ಆಳು ಮತ್ತು ಒಡೆಯನ ಸಂಬಂಧ, ಬೇಟೆ, ಗೊರವರ ಪೂಜೆ, ಭೂದಾನ ಇವೆಲ್ಲ ಒಂದೇ ಕಲ್ಲಿನಲ್ಲಿವೆ. ಇದರ ಮುಂದೆ ಪಠ್ಯದ ಆ ಒಂದು ಸಾಲು ಎಷ್ಟು ಬಡಕಲು!

ವಿಷಯ ಇಲ್ಲಿಗೇ ನಿಲ್ಲುವುದಿಲ್ಲ. ಆತಕೂರಿನ ಕಲ್ಲು ರಾಜಾದಿತ್ಯನನ್ನು ಬೂತುಗನೇ ಕತ್ತಿಯಿಂದ ಇರಿದು ಕೊಂದನೆನ್ನುತ್ತದೆ. ಲೈಡನ್ ತಾಮ್ರಪಟಗಳೆಂದೇ ಹೆಸರಾದ ಚೋಳರ ದೊಡ್ಡ ಶಾಸನದ ಸಂಸ್ಕೃತ ಭಾಗವು, ಆತ ಆನೆಯ ಮೇಲೆ ಕುಳಿತು ಕಾದುತ್ತಿರುವಾಗಲೇ ಎದೆಗೆ ಬಾಣ ನಾಟಿ ಸ್ವರ್ಗಕ್ಕೇರಿದನೆನ್ನುತ್ತದೆ. ಗೆದ್ದವರ ಕಡೆಯ ಹೇಳಿಕೆ ಹಳಗನ್ನಡದಲ್ಲಿದೆ, ಸೋತವರ ಕಡೆಯ ಹೇಳಿಕೆ ಸಂಸ್ಕೃತ ಕಾವ್ಯದ ಶೈಲಿಯಲ್ಲಿದೆ. ಬೂತುಗನ ಕಡೆಯವರಿಗೆ ಕೊಂದ ಕೀರ್ತಿ ತಮ್ಮ ಒಡೆಯನದಾಗಬೇಕು, ಚೋಳರಿಗೆ ತಮ್ಮ ರಾಜಕುಮಾರ ವೀರಮರಣ ಹೊಂದಿದನೆನ್ನಿಸಬೇಕು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾರು ಯಾವ ಮಾತನ್ನು ಏತಕ್ಕೆ ಹೀಗೆ ಬರೆಸಿದರು ಎಂದು ತೂಗಿ ನೋಡುವುದೇ ಇತಿಹಾಸಕಾರನ ಕೆಲಸ. ಎರಡೂ ಭಾಷೆ ಬಾರದ ವಿದ್ಯಾರ್ಥಿ ಆ ಕೆಲಸವನ್ನು ಮಾಡಲಾರ. ಬೇರೆಯವರು ಮಾಡಿಟ್ಟ ತೀರ್ಮಾನವನ್ನು ಬಾಯಿಪಾಠ ಮಾಡಬಲ್ಲ, ಅಷ್ಟೇ.

ಕರ್ನಾಟಕದ ಪ್ರಾಚೀನ ಇತಿಹಾಸವೆಂಬುದೇ ಬಹುಭಾಷೆಯ ವ್ಯವಹಾರ. ಮಸ್ಕಿ, ಬ್ರಹ್ಮಗಿರಿಗಳ ಅಶೋಕನ ಶಾಸನಗಳೂ ಬನವಾಸಿ ಸೀಮೆಯ ಸಾತವಾಹನರ ಕಾಲದ ಬರಹಗಳೂ ಪ್ರಾಕೃತದಲ್ಲಿವೆ. ಕದಂಬರ ಹುಟ್ಟಿನ ಕಥೆ ಹೇಳುವ ತಾಳಗುಂದದ ಕಂಬದ ಮೇಲಿರುವುದು ಕುಬ್ಜನೆಂಬ ಕವಿಯ ಸೊಗಸಾದ ಸಂಸ್ಕೃತ ಪದ್ಯಗಳು. (ಉನ್ನತ ವ್ಯಾಸಂಗಕ್ಕೆಂದು ಗುರುವಿನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರರೊಡನೆ ಜಗಳವಾಡಿ, ಓದು ಬಿಟ್ಟು ರಾಜ್ಯ ಕಟ್ಟಿದನೆಂದು ಅದು ಹೇಳುತ್ತದೆ. ಓದಿ ಮುಂದೇನು ಎಂದು ಕೇಳುವ ನೆಂಟರಿಗೆ ಈ ಪ್ರಸಂಗವನ್ನು ನಾನು ಹೇಳುವುದಿಲ್ಲ.) ಭಾಷೆಯಷ್ಟೇ ಸಾಲದು ಎಂಬುದಕ್ಕೂ ನಮ್ಮ ನೆಲದಲ್ಲೇ ಸಾಕ್ಷ್ಯವಿದೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದಾಗ, ಅಲ್ಲಿನ ಪದರಗಳಿಗೆ ಕಾಲ ನಿಗದಿಪಡಿಸಲು ಆತನಿಗೆ ಆಸರೆಯಾದದ್ದು ಅದಕ್ಕೂ ಮೊದಲು, 1945ರಲ್ಲಿ, ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕ ಮಡಕೆ ಚೂರುಗಳು. ಅಲ್ಲಿ ಇಟಲಿಯಿಂದ ಬಂದ ಕೆಂಪು ಹೊಳಪಿನ ಪಾತ್ರೆಗಳ ಜೊತೆಗೇ ಸಿಕ್ಕಿದ್ದ ಒಂದು ಬಗೆಯ ಚಕ್ರಾಂಕಿತ (ಪುಟ್ಟ ಗಾಲಿ ಉರುಳಿಸಿ ಗುರುತು ಮೂಡಿಸಿದ) ಮಡಕೆ ಬ್ರಹ್ಮಗಿರಿಯಲ್ಲೂ ಸಿಕ್ಕಿತು. ಇಟಲಿಯ ಪಾತ್ರೆಗಳ ಕಾಲ ಖಚಿತವಾಗಿ ಗೊತ್ತಿದ್ದುದರಿಂದ ಚಿತ್ರದುರ್ಗ ಜಿಲ್ಲೆಯ ಬೃಹತ್ ಶಿಲಾಸಮಾಧಿಗಳ ಕಾಲಕ್ಕೂ ಒಂದು ಹಿಡಿಗಂಬ ದೊರೆಯಿತು. ಆ ಕಾಲಗಣನೆಯನ್ನು ಮುಂದಿನವರು ಬಹಳಷ್ಟು ತಿದ್ದಿದ್ದಾರೆ. ಆದರೂ ರೋಮಿನ ಇತಿಹಾಸ ನಮಗೇತಕ್ಕೆ ಎನ್ನುವವರು ಈ ಕೊಂಡಿಯನ್ನು ಗಮನಿಸಬೇಕು.

ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಮತ್ತು ರೋಮನ್ ಅಧ್ಯಯನಕ್ಕೆ ಕ್ಲಾಸಿಕ್ಸ್ ಎಂದು ಹೆಸರು. ಆಕ್ಸ್‌ಫರ್ಡಿನಲ್ಲಿ ಅದು ನಾಲ್ಕು ವರ್ಷದ ಪದವಿ. ಮೊದಲ ಹಂತದಲ್ಲಿ ಹೆಚ್ಚಿನ ಒತ್ತು ಭಾಷೆ ಮತ್ತು ಸಾಹಿತ್ಯಕ್ಕೆ; ಆಮೇಲೆ ಇತಿಹಾಸ, ತತ್ತ್ವಶಾಸ್ತ್ರ, ಪುರಾತತ್ತ್ವ, ಭಾಷಾಶಾಸ್ತ್ರಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಯದವರಿಗೂ ಅಲ್ಲಿಯೇ ಮೊದಲಿನಿಂದ ಕಲಿಸುವ ದಾರಿಯಿದೆ. ಒಂದು ಪ್ರಾಚೀನ ಲೋಕವನ್ನು ಅರಿಯಲು ಅದರ ಭಾಷೆ, ಕಾವ್ಯ, ಕಾನೂನು, ನಾಣ್ಯ, ಮಡಕೆಗಳು ಎಲ್ಲವೂ ಒಬ್ಬನೇ ವಿದ್ಯಾರ್ಥಿಯ ಮೇಜಿನ ಮೇಲೆ ಬರಬೇಕು ಎಂಬುದು ಈ ಪದವಿಯ ಹಿಂದಿನ ತಿಳಿವಳಿಕೆ. ಅಲ್ಲಿ ಎಲ್ಲವೂ ಸುಖವಾಗಿದೆಯೆಂದಲ್ಲ. 2025ರ ಆರಂಭದಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯ ಪ್ರಾಚೀನ ಇತಿಹಾಸವನ್ನು ಕೈಬಿಡುವ ಪ್ರಸ್ತಾಪ ಮುಂದಿಟ್ಟಿತು. ಅಮೆರಿಕದ ಪ್ರಿನ್ಸ್‌ಟನ್ 2021ರಲ್ಲಿ ಕ್ಲಾಸಿಕ್ಸ್ ಪದವಿಗೆ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನೇ ತೆಗೆದುಹಾಕಿತು. ಉಳ್ಳವರ ಶಾಲೆಗಳಲ್ಲಷ್ಟೇ ಸಿಗುವ ಭಾಷೆಗಳನ್ನು ಬಾಗಿಲಲ್ಲಿ ಕಾವಲಿಟ್ಟರೆ ಉಳಿದವರು ಹೊರಗುಳಿಯುತ್ತಾರೆ ಎಂಬ ಅಳುಕು ಇಂಥ ಬದಲಾವಣೆಗಳ ಹಿಂದಿದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ಆದರೆ ನಮ್ಮಲ್ಲಿ ಪರಿಸ್ಥಿತಿ ತಿರುಗುಮುರುಗಾಗಿದೆ. ಇಲ್ಲಿ ಮೂಲವನ್ನು ಬಿಟ್ಟ ಮೇಲೆ ವಿದ್ಯಾರ್ಥಿಗೆ ಉಳಿಯುವುದು ಶಾಸನಗಳನ್ನು ಪ್ರಕಟಿಸಿದ ಬ್ರಿಟಿಷ್ ವಿದ್ವಾಂಸರಾದ ಫ್ಲೀಟ್ ಮತ್ತು ರೈಸ್ ಕಾಲದ ಇಂಗ್ಲಿಷ್ ಅನುವಾದ. ಮಳವಳ್ಳಿಯಿಂದಲೋ ಸಿಂದಗಿಯಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಹತ್ತೊಂಬತ್ತನೆಯ ಶತಮಾನದ ಆ ಬಿಗಿ ಇಂಗ್ಲಿಷಿಗಿಂತ ಆತಕೂರಿನ ಹಳಗನ್ನಡ ಬೇಗ ಒಲಿಯುತ್ತದೆ. ವಿಭಕ್ತಿ ಪ್ರತ್ಯಯಗಳೂ ಕ್ರಿಯಾರೂಪಗಳೂ ಒಮ್ಮೆ ಹಿಡಿತಕ್ಕೆ ಬಂದರೆ ಉಳಿದದ್ದರಲ್ಲಿ ಅರ್ಧ ಅವಳಿಗೆ ಮನೆಯಲ್ಲೇ ಗೊತ್ತಿರುತ್ತದೆ. ನನ್ನ ತರಗತಿಯಲ್ಲಿ ಪಠ್ಯಕ್ರಮದ ಹೊರಗೆ ವೀರಗಲ್ಲಿನ ಶಾಸನಗಳನ್ನು ಹಲಗೆಯ ಮೇಲೆ ಬರೆದು ಓದಿಸುವಾಗ, ತುರುಗೋಳು (ದನಗಳ ಅಪಹರಣ), ಊರಳಿವು (ಊರಿನ ನಾಶ) ಇವುಗಳ ಪ್ರಸಂಗಗಳನ್ನು ಮೊದಲು ಹಿಡಿಯುವವರು ಹೆಚ್ಚಾಗಿ ದನಕರುಗಳಿರುವ ಮನೆಗಳಿಂದ ಬಂದವರು.

ಭಾಷೆ ಮತ್ತು ಇತಿಹಾಸವನ್ನು ಒಟ್ಟಿಗೆ ಕಲಿಯುವ ಪದ್ಧತಿ ನಮಗೆ ಹೊಸದೂ ಅಲ್ಲ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಹೊರತಂದ ಬಿ.ಎಲ್. ರೈಸರೇ 1898ರಲ್ಲಿ ಪಂಪಭಾರತವನ್ನೂ ಅಚ್ಚು ಹಾಕಿಸಿದರು. ಅವರ ನಂತರ ಮೈಸೂರು ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಕನ್ನಡ ಕವಿಗಳ ಚರಿತ್ರೆ ಬರೆದವರು. ಎಂ. ಚಿದಾನಂದಮೂರ್ತಿ, ಎಂ.ಎಂ. ಕಲಬುರ್ಗಿಯವರು ಕನ್ನಡದ ಅಧ್ಯಾಪಕರಾಗಿದ್ದುಕೊಂಡೇ ಶಾಸನಗಳಿಂದ ಚರಿತ್ರೆ ಕಟ್ಟಿದರು. ಇವರೆಲ್ಲ ವಿಭಾಗಗಳ ಗೋಡೆಯನ್ನು ಲೆಕ್ಕಿಸಲಿಲ್ಲ. ಆ ಗೋಡೆ ಗಟ್ಟಿಯಾದದ್ದು ನೇಮಕಾತಿಗೂ ಕಾರ್ಯಭಾರಕ್ಕೂ ವಿಷಯವಾರು ಖಾನೆಗಳನ್ನು ನಾವು ಬಿಗಿಮಾಡಿಕೊಂಡಂತೆಲ್ಲ. ಇಂದು ಬೆಂಗಳೂರಿನ ರಸ್ತೆ ಬದಿಯಲ್ಲಿ, ಚರಂಡಿ ಪಕ್ಕದಲ್ಲಿ ಬಿದ್ದಿರುವ ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿರುವವರ ಮುಂಚೂಣಿಯಲ್ಲಿ ಎಂಜಿನಿಯರುಗಳಿದ್ದಾರೆ. ಅವರಿಗೆ ನಮಸ್ಕಾರ. ಪ್ರಾಚೀನ ಇತಿಹಾಸದ ಪದವೀಧರರಾದ ನಾವು ಮಾಡಬೇಕಿದ್ದ ಕೆಲಸವದು.

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಮೈಸೂರಿನಲ್ಲಿ ಅದರ ಅಧ್ಯಯನ ಕೇಂದ್ರವಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗದ ಪ್ರಧಾನ ಕಚೇರಿಯೂ 1966ರಿಂದ ಅದೇ ಊರಿನಲ್ಲಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರಕ್ಕೆ, ಹಸ್ತಪ್ರತಿಗಳಿಗೆ ಪ್ರತ್ಯೇಕ ವಿಭಾಗಗಳಿವೆ. ಸಾಮಗ್ರಿಗೆ ಕೊರತೆಯಿಲ್ಲ. ಕೊರತೆಯಿರುವುದು ಇವೆಲ್ಲವನ್ನೂ ಬಿ.ಎ. ಹಂತದಲ್ಲೇ ಒಬ್ಬ ವಿದ್ಯಾರ್ಥಿಗೆ ಒಟ್ಟಾಗಿ ಕೊಡುವ ಪದವಿಗೆ. ಹಳಗನ್ನಡ ಕಡ್ಡಾಯ, ಸಂಸ್ಕೃತ ಅಥವಾ ಪ್ರಾಕೃತ ಇನ್ನೊಂದು, ಲಿಪಿ ಓದು, ಉತ್ಖನನದ ಶಿಬಿರ, ನಾಣ್ಯಶಾಸ್ತ್ರ, ಜೊತೆಗೆ ಹೊರಲೋಕದ ಪ್ರಾಚೀನ ಇತಿಹಾಸದಲ್ಲೂ ಒಂದು ಪತ್ರಿಕೆ ಇರಲಿ. ಕೆಲಸ ಸಿಗುತ್ತದೆಯೇ ಎಂದರೆ, ಈಗಿನ ಪದವಿಗೆ ಸಿಗುವಷ್ಟಂತೂ ಸಿಗುತ್ತದೆ. ಓದಿನಲ್ಲಿ ಹುರುಳಿರುತ್ತದೆ ಎಂಬುದು ಹೆಚ್ಚಿನ ಲಾಭ.

ಇಂಥವರಿಗಾಗಿ ಕಾದಿರುವ ಕೆಲಸಗಳೂ ಉಂಟು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸರು ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ಗುಡ್ಡೆಗಳಿಂದ ಅಗೆದು ತೆಗೆದು 1903ರಲ್ಲಿ ಪ್ರಕಟಿಸಿದ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ಕರಾವಳಿಯ ಒಬ್ಬ ರಾಜ ಮತ್ತು ಅವನ ಕಡೆಯವರು ಗ್ರೀಕರಿಗೆ ಅರ್ಥವಾಗದ ಭಾಷೆಯಲ್ಲಿ ಮಾತನಾಡುತ್ತಾರೆ. ಅದು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ ಮರುವರ್ಷವೇ ವಾದಿಸಿದರು, ನಮ್ಮವರಲ್ಲಿ ಆರ್. ಶಾಮಶಾಸ್ತ್ರಿ ಮತ್ತು ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ಇಂಗ್ಲಿಷ್ ವಿದ್ವಾಂಸ ಬಾರ್ನೆಟ್ ಅದನ್ನು ಒಪ್ಪಲಿಲ್ಲ. ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಈ ವಾದ ಇಂದಿಗೂ ಇತ್ಯರ್ಥವಾಗಿಲ್ಲ. ಗ್ರೀಕ್ ಹಸ್ತಪ್ರತಿಯನ್ನು ಓದಬಲ್ಲವರಿಗೆ ಹಳಗನ್ನಡ ಬಾರದು, ಹಳಗನ್ನಡ ಬಲ್ಲವರಿಗೆ ಗ್ರೀಕ್ ಬಾರದು. ಎರಡನ್ನೂ ಕಲಿತ ಒಬ್ಬ ವಿದ್ಯಾರ್ಥಿ ಆ ಪಪೈರಸ್ ಹಸ್ತಪ್ರತಿಯ ಮುಂದೆ ಕುಳಿತು ಅದು ಕನ್ನಡವೇ ಅಲ್ಲವೆಂದು ತೋರಿಸಿಕೊಟ್ಟರೂ ನನಗೆ ಸಂತೋಷವೇ.