ಯಹೂದಿಗಳ ಮೂಲವನ್ನು ಅವರಿಗೇ ಬಿಡೋಣ

ಯಹೂದಿಗಳ ಮೂಲಪುರುಷ ಅಬ್ರಹಾಮ ಅಂದರೆ ನಮ್ಮ ಬ್ರಹ್ಮ, ಅವನ ಹೆಂಡತಿ ಸಾರಾ ಅಂದರೆ ಸರಸ್ವತಿ. ದ್ವಾರಕೆ ಮುಳುಗಿದಾಗ ಪಶ್ಚಿಮಕ್ಕೆ ಹೋದ ಯಾದವರೇ ಯಹೂದಿಗಳು. ಹಾಗಾಗಿ ಯಹೂದಿ, ಕ್ರೈಸ್ತ, ಇಸ್ಲಾಂ ಮೂರೂ ನಮ್ಮಿಂದಲೇ ಹುಟ್ಟಿದ್ದು. ಈ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಕಳಿಸುವವರು ಬಹಳ ಸಲ ನಮ್ಮ ಮನೆಯವರೇ, ಗೆಳೆಯರೇ. ಅವರ ಧರ್ಮಪ್ರೀತಿಯ ಬಗ್ಗೆ ನನಗೆ ಒಂದು ಚೂರೂ ಅನುಮಾನ ಇಲ್ಲ. ನಾನೂ ಅದೇ ದೇವರ ಮನೆಯಲ್ಲಿ ಕೈ ಮುಗಿದು ಬೆಳೆದವನು. ಆದರೂ ಈ ಮಾತನ್ನು ನಾವು ಬಿಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದು ತಪ್ಪು ಅನ್ನುವುದು ಒಂದು ಕಾರಣ. ಅದು ನಮ್ಮ ಮಾತೇ ಅಲ್ಲ ಅನ್ನುವುದು ಇನ್ನೂ ದೊಡ್ಡ ಕಾರಣ.

ಇದರ ಜಾಡು ಹಿಡಿದು ಹೋದರೆ ಕಾಶಿಗೋ ಕಂಚಿಗೋ ತಲುಪುವುದಿಲ್ಲ, ಫ್ರಾನ್ಸಿಗೆ ತಲುಪುತ್ತೇವೆ. 18ನೇ ಶತಮಾನದಲ್ಲಿ ವೋಲ್ಟೇರ್ ಎಂಬ ಬರಹಗಾರ ಅಲ್ಲಿನ ಚರ್ಚಿನ ಜೊತೆ ಜಗಳಕ್ಕೆ ನಿಂತಿದ್ದ. ಬೈಬಲ್ಲಿನ ಬೇರನ್ನೇ ಅಲ್ಲಾಡಿಸಬೇಕು ಅಂತ ಅವನಿಗೆ ಇತ್ತು. ಭಾರತ ಅದಕ್ಕಿಂತ ಹಳೆಯದು, ಯಹೂದಿಗಳು ಅಬ್ರಹಾಮನ ಕಥೆಯನ್ನು ಬ್ರಹ್ಮನಿಂದ ಎತ್ತಿಕೊಂಡರು ಎಂಬ ಮಾತು ಅವನಿಗೆ ಬೇಕಾಗಿ ಬಂತು. 1760ರಲ್ಲಿ ಅವನ ಕೈಗೆ 'ಎಜೂರ್ ವೇದಂ' ಎಂಬ ಹಸ್ತಪ್ರತಿ ಸಿಕ್ಕಿತು. ಹಿಂದೂಗಳ ಪ್ರಾಚೀನ ಗ್ರಂಥ ಎಂದು ಅದನ್ನು ಮೆರೆಸಿದ, ರಾಜರ ಗ್ರಂಥಾಲಯಕ್ಕೂ ಕೊಟ್ಟ. ಕೊನೆಗೆ ತಿಳಿದದ್ದೇನು? ಅದನ್ನು ಬರೆದವರು ನಮ್ಮನ್ನು ಮತಾಂತರ ಮಾಡಲು ಬಂದಿದ್ದ ಜೆಸ್ಯೂಟ್ ಎಂಬ ಕ್ಯಾಥೋಲಿಕ್ ಪಂಗಡದ ಫ್ರೆಂಚ್ ಪಾದ್ರಿಗಳು! ಇನ್ನೊಂದು ವಿಷಯ ಇದೆ. ವೋಲ್ಟೇರ್ ಯಹೂದಿಗಳನ್ನು ತುಚ್ಛವಾಗಿ ಕಾಣುತ್ತಿದ್ದ. ಅವರದ್ದು ಅಂತ ಏನೂ ಇಲ್ಲ, ಎಲ್ಲವೂ ಕದ್ದದ್ದು ಎಂದು ತೋರಿಸಲು ಅವನು ನಮ್ಮ ದೇಶದ ಹೆಸರನ್ನು ಬಳಸಿಕೊಂಡ. ಇವತ್ತು ನಾವು ಹೆಮ್ಮೆಯಿಂದ ಹಂಚುತ್ತಿರುವುದು ಆ ತಿರಸ್ಕಾರದ ಮಾತನ್ನು.

1869ರಲ್ಲಿ ಲೂಯಿ ಜಾಕೋಲಿಯೋ ಎಂಬ ಫ್ರೆಂಚ್ ನ್ಯಾಯಾಧೀಶ ಒಂದು ಪುಸ್ತಕ ಬರೆದ. ಬಂಗಾಳದಲ್ಲಿ ಫ್ರೆಂಚರ ಕೈಯಲ್ಲಿದ್ದ ಚಂದನ್‌ನಗರದಲ್ಲಿ ಕೆಲಸ ಮಾಡಿದ್ದವನು. ಬೈಬಲ್ ಪೂರ್ತಿ ಭಾರತದಿಂದಲೇ ಹೋದದ್ದು ಎಂಬುದು ಅವನ ವಾದ. ಸ್ವಾಮಿ ದಯಾನಂದ ಸರಸ್ವತಿಯವರ ಸತ್ಯಾರ್ಥ ಪ್ರಕಾಶದಲ್ಲೂ ಆ ಪುಸ್ತಕದ ಪ್ರಸ್ತಾಪ ಬಂತು. ಆ ಕಾಲವನ್ನು ನೆನೆದರೆ ಇದು ಯಾಕೆ ಹಿಡಿಸಿತು ಅನ್ನುವುದು ಅರ್ಥವಾಗುತ್ತದೆ. ದೇಶ ಪರರ ಕೈಯಲ್ಲಿತ್ತು. ಮಿಷನರಿಗಳು ಬೀದಿಯಲ್ಲಿ ನಿಂತು ನಮ್ಮ ದೇವರನ್ನು ಹೀಯಾಳಿಸುತ್ತಿದ್ದರು. ಅದೇ 1869ರಲ್ಲೇ ಜರ್ಮನಿಯ ಲೊರಿನ್ಸರ್ ಭಗವದ್ಗೀತೆಯನ್ನು ಅನುವಾದ ಮಾಡಿ, ಗೀತೆಯನ್ನು ರಚಿಸಿದವರು ಬೈಬಲ್ಲಿನ ಹೊಸ ಒಡಂಬಡಿಕೆಯಿಂದ ಎರವಲು ಪಡೆದಿದ್ದಾರೆ ಎಂದು ವಾದಿಸಿದ. ಅಲ್ಲಲ್ಲಿ ಹೋಲುವ ಸಾಲುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನಿಮಗೂ ಬರುತ್ತದೆ ಅಲ್ವಾ? ಹಾಗಾದರೆ ಅಬ್ರಹಾಮ ಬ್ರಹ್ಮ ಅಂದಾಗ ಒಬ್ಬ ಯಹೂದಿಗೆ ಏನನ್ನಿಸಬೇಡ? ಎರಡೂ ಕಡೆ ಇರುವುದು ಹೋಲಿಕೆ ಒಂದೇ. ಹೋಲಿಕೆಯಿಂದ ಗೀತೆಯನ್ನು ಅವರಿಗೆ ಬರೆದುಕೊಡಲು ನಾವು ಒಪ್ಪುವುದಿಲ್ಲ. ಅದೇ ಅಳತೆಯಲ್ಲಿ ಅವರ ಧರ್ಮಗ್ರಂಥ ತೋರಾ ನಮ್ಮದಾಗುವುದಿಲ್ಲ.

ನಮ್ಮ ಹಿರಿಯರು ಹೊರಗಿನ ಜನರ ಹುಟ್ಟಿನ ಬಗ್ಗೆ ಏನೂ ಹೇಳಿಲ್ಲವೇ ಅಂದರೆ, ಹೇಳಿದ್ದಾರೆ. ಮಹಾಭಾರತದ ಆದಿಪರ್ವದಲ್ಲಿ ಯಯಾತಿಯ ಕಥೆ ಎಲ್ಲರಿಗೂ ಗೊತ್ತು. ಮುಪ್ಪನ್ನು ತೆಗೆದುಕೊಳ್ಳಲು ಒಪ್ಪಿದವನು ಪೂರು ಒಬ್ಬನೇ. ಉಳಿದ ಮಕ್ಕಳು ಏನಾದರು? ಯದುವಿನಿಂದ ಯಾದವರು, ತುರ್ವಸುವಿನಿಂದ ಯವನರು (ಅಂದರೆ ಗ್ರೀಕರು), ಅನುವಿನಿಂದ ಮ್ಲೇಚ್ಛರು ಎಂದು ಅಲ್ಲೇ ಹೇಳಿದೆ. ಇನ್ನೊಂದು ಕಡೆ ವಸಿಷ್ಠರ ಹಸುವಿನ ಮೈಯಿಂದ ಶಕರು, ಯವನರು, ಪಹ್ಲವರು ಹುಟ್ಟುತ್ತಾರೆ. ಗಡಿಯಾಚೆಯ ಜನರನ್ನು ಕಂಡಾಗ ಅವರಿಗೂ ನಮ್ಮ ವಂಶದ ಮರದಲ್ಲಿ ಒಂದು ಕೊಂಬೆ ಕೊಟ್ಟರು. ಆದರೆ ಇದನ್ನು ಇಟ್ಟುಕೊಂಡು ಗ್ರೀಕರ ಚರಿತ್ರೆ ಬರೆಯಲು ಯಾರೂ ಹೋಗುವುದಿಲ್ಲ.

ಈ ಅಭ್ಯಾಸ ಎಷ್ಟು ದೂರ ಹೋಯಿತು ಅನ್ನುವುದನ್ನು ಭವಿಷ್ಯ ಪುರಾಣದ ಪ್ರತಿಸರ್ಗ ಪರ್ವದಲ್ಲಿ ನೋಡಬೇಕು. 'ಪುರಾಣದಲ್ಲೇ ಆಡಮ್ ಇದ್ದಾನೆ' ಎನ್ನುವವರು ತೋರಿಸುವುದು ಇದನ್ನೇ. ಹೌದು, ಇದ್ದಾನೆ. ಆದಮ ಎಂಬ ಪುರುಷ, ಹವ್ಯವತಿ ಎಂಬ ಹೆಂಡತಿ. ಈಶ್ವರ ಮಾಡಿದ ತೋಟ, ಅದರಲ್ಲಿ ಪಾಪವೃಕ್ಷ. ಕಲಿ ಹಾವಿನ ರೂಪದಲ್ಲಿ ಬಂದು ಮೋಸ ಮಾಡುತ್ತಾನೆ, ಅವರು ಹಣ್ಣು ತಿನ್ನುತ್ತಾರೆ. ಆದಮನ ಆಯುಸ್ಸು 930 ವರ್ಷ. ಬೈಬಲ್ಲಿನ ಆದಿಕಾಂಡದಲ್ಲೂ ಅಷ್ಟೇ, 930. ಮುಂದೆ ನ್ಯೂಹ ಬರುತ್ತಾನೆ, ಅಂದರೆ ಬೈಬಲ್ಲಿನ ನೋಹ. ಇಲ್ಲಿ ಅವನು ವಿಷ್ಣುಭಕ್ತ. ಕನಸಿನಲ್ಲಿ ವಿಷ್ಣು ಬಂದು ಪ್ರಳಯ ಬರುತ್ತದೆ, ಹಡಗು ಕಟ್ಟು ಅನ್ನುತ್ತಾನೆ. ಆ ಹಡಗು 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಆದಿಕಾಂಡದಲ್ಲೂ ಇದೇ ಅಳತೆ, ಒಂದು ಮೊಳ ಹೆಚ್ಚಿಲ್ಲ, ಕಡಿಮೆ ಇಲ್ಲ.

ಸಾವಿರಾರು ವರ್ಷ ಬಾಯಿಂದ ಬಾಯಿಗೆ ಬಂದ ಎರಡು ಕಥೆಗಳಲ್ಲಿ ಮೊಳದ ಲೆಕ್ಕ ಹೀಗೆ ಕೂಡುವುದಿಲ್ಲ. ಬರೆದವರ ಮುಂದೆ ಬೈಬಲ್ಲಿನ ಕಥೆ ಇತ್ತು. ಅದೇ ಪರ್ವದಲ್ಲಿ ಅಕ್ಬರ್ ಬರುತ್ತಾನೆ, ಕಬೀರ, ನಾನಕರು ಬರುತ್ತಾರೆ. ಇಂಗ್ಲಿಷರೂ ಬರುತ್ತಾರೆ, ವಿಕಟಾವತಿ ಎಂಬ ಅವರ ರಾಣಿಯೂ ಬರುತ್ತಾಳೆ. ಹಾಗಾಗಿ ಈ ಭಾಗ ತೀರಾ ಈಚಿನದು ಎಂದು ವಿದ್ವಾಂಸರು ಹೇಳುತ್ತಾರೆ. ಬೈಬಲ್ ನಮ್ಮಿಂದ ಹೋಯಿತು ಎನ್ನಲು ಇದು ಸಾಕ್ಷಿ ಆಗುವುದಿಲ್ಲ. ಬೈಬಲ್ ನಮ್ಮಲ್ಲಿಗೆ ಬಂದದ್ದಕ್ಕೆ ಸಾಕ್ಷಿ ಆಗುತ್ತದೆ.

ಆದರೆ ಆ ಬರಹಗಾರನ ಬಗ್ಗೆ ನನಗೆ ಬೇಸರ ಇಲ್ಲ. ಅವನು ಬೇರೆ ಧರ್ಮದ ಆದಿಪುರುಷನನ್ನು ಇಂದ್ರಿಯ ಗೆದ್ದವನು, ಆತ್ಮಧ್ಯಾನದಲ್ಲಿ ಇದ್ದವನು ಎಂದು ಹೊಗಳಿದ್ದಾನೆ. ನೋಹನನ್ನು ವಿಷ್ಣುಭಕ್ತರ ಸಾಲಿನಲ್ಲಿ ಕೂರಿಸಿದ್ದಾನೆ. ಕಥೆಯಾಗಿ ಅದು ದೊಡ್ಡ ಮನಸ್ಸಿನ ಕೆಲಸ. ಕಥೆಯನ್ನು ಚರಿತ್ರೆ ಅಂತ ಇನ್ನೊಬ್ಬರ ಮೇಲೆ ಹೇರಿದಾಗ ಆ ದೊಡ್ಡತನ ಉಳಿಯುವುದಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಆದಿಕಾಂಡದ 25ನೇ ಅಧ್ಯಾಯದಲ್ಲಿ ಅಬ್ರಹಾಮ ತನ್ನ ಉಪಪತ್ನಿಯರ ಮಕ್ಕಳಿಗೆ ಕಾಣಿಕೆ ಕೊಟ್ಟು ಪೂರ್ವ ದೇಶಕ್ಕೆ ಕಳಿಸಿದ ಎಂಬ ಸಾಲು ಇದೆ. 17ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮೆನಾಸ್ಸೆ ಬೆನ್ ಇಸ್ರೇಲ್ ಈ ಸಾಲನ್ನು ಹಿಡಿದುಕೊಂಡರು. ಆ ಮಕ್ಕಳು ಭಾರತಕ್ಕೆ ಹೋದರು, ಅಬ್ರಹಾಮನ ವಂಶದವರೇ ಬ್ರಾಹ್ಮಣರು, ಪುನರ್ಜನ್ಮದ ವಿಚಾರ ಅಬ್ರಹಾಮನಿಂದಲೇ ಅಲ್ಲಿಗೆ ಹೋಯಿತು ಅಂದರು. ಅಂದರೆ ನಮ್ಮದು ಅವರ ಕವಲು! ಇನ್ನೂ ಹಿಂದಕ್ಕೆ ಹೋದರೆ, ಯಹೂದಿಗಳು ಭಾರತದ ತತ್ವಜ್ಞಾನಿಗಳ ವಂಶದವರು ಎಂದು ಅರಿಸ್ಟಾಟಲ್ ಹೇಳಿದನೆಂದು ಅವನ ಶಿಷ್ಯ ಕ್ಲಿಯಾರ್ಕಸ್ ಬರೆದಿದ್ದ. ಅದನ್ನು ಮೊದಲ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಉಳಿಸಿಕೊಟ್ಟಿದ್ದಾನೆ. ಎರಡು ಹಳೆಯ ಜನಾಂಗಗಳನ್ನು ಕಂಡಾಗ ಒಂದನ್ನು ತಾಯಿ, ಒಂದನ್ನು ಮಗು ಮಾಡುವ ಆಸೆ ಎಲ್ಲ ಕಡೆಯೂ ಇತ್ತು. ಯಾರು ತಾಯಿ ಅನ್ನುವುದು ಹೇಳುವವರ ಮೇಲೆ ನಿಂತಿತ್ತು.

ಯಹೂದಿಗಳ ಹುಟ್ಟಿನ ಬಗ್ಗೆ ನೆಲ ಅಗೆದು ಸಿಕ್ಕಿರುವುದು ಬೇರೆ ಕಥೆ. ಇಸ್ರೇಲ್ ಎಂಬ ಹೆಸರು ಬರುವ ಹಳೆಯ ಶಾಸನ ಈಜಿಪ್ಟಿನ ದೊರೆ ಮೆರ್ನೆಪ್ತಾನದ್ದು, ಸುಮಾರು ಕ್ರಿ.ಪೂ. 1208ರದ್ದು. ಅಷ್ಟರಲ್ಲಿ ಅವರು ಕಾನಾನ್ ನಾಡಿನಲ್ಲಿ, ಅಂದರೆ ಈಗಿನ ಇಸ್ರೇಲ್-ಪ್ಯಾಲೆಸ್ಟೈನ್ ಕಡೆ, ಇದ್ದರು. ಅವರ ಭಾಷೆ, ಮಡಕೆ, ಬಲಿಯ ಪದ್ಧತಿ ಸುತ್ತಲಿನ ಕಾನಾನ್ಯರಿಗೆ ಹತ್ತಿರ. ಸಿನಾಯ್ ಮರುಭೂಮಿಯ ಕುಂತಿಲ್ಲತ್ ಅಜ್ರುದ್ ಎಂಬಲ್ಲಿ ಸಿಕ್ಕ ಸುಮಾರು ಕ್ರಿ.ಪೂ. 800ರ ಬರಹದಲ್ಲಿ ಅವರ ದೇವರು ಯಾಹ್ವೆಯ ಜೊತೆ ಅಶೇರಾ ಎಂಬ ಹೆಸರೂ ಇದೆ. ಅದು ಕಾನಾನಿನ ದೇವಿಯ ಹೆಸರು. ಒಬ್ಬನೇ ದೇವರು ಎಂಬ ನಂಬಿಕೆ ಅವರಲ್ಲಿ ನಿಧಾನಕ್ಕೆ ಗಟ್ಟಿಯಾಯಿತು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಜೆರುಸಲೇಮಿನ ದೇವಾಲಯ ಕೆಡವಿ ಅವರನ್ನು ಹಿಡಿದುಕೊಂಡು ಹೋದರು. ದೇಶ ಇಲ್ಲ, ಗುಡಿ ಇಲ್ಲ, ದೊರೆ ಇಲ್ಲ. ಕೈಯಲ್ಲಿ ಉಳಿದದ್ದು ಗ್ರಂಥ ಮತ್ತು ನೆನಪು. ಆ ಸಂಕಟದಲ್ಲಿ ಅವರ ಧರ್ಮ ಈಗಿನ ರೂಪಕ್ಕೆ ಬರತೊಡಗಿತು. ಇಷ್ಟು ನೋವು ಉಂಡು ಕಟ್ಟಿಕೊಂಡ ಧರ್ಮವನ್ನು 'ನಮ್ಮಿಂದ ಹೋದದ್ದು' ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ಸರಿಯಲ್ಲ.

ನಿಜವಾದ ನಂಟು ಬೇಕು ಅನ್ನುವವರಿಗೆ ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾ ಇದೆ. ಅದರ ಗಾಥೆಗಳ ಭಾಷೆ ಋಗ್ವೇದದ ಭಾಷೆಗೆ ತೀರಾ ಹತ್ತಿರ. ನಮ್ಮ ಸೋಮ ಅಲ್ಲಿ ಹವೋಮ, ನಮ್ಮ ಯಮ ಅಲ್ಲಿ ಯಿಮ. ಅಲ್ಲೂ ಸಂಬಂಧ ದಾಯಾದಿಗಳದ್ದು, ತಾಯಿ-ಮಗುವಿನದ್ದಲ್ಲ.

ಯಹೂದಿಗಳ ಜೊತೆ ನಮಗಿರುವ ಸಂಬಂಧ ಆಶ್ರಯದ್ದು, ವ್ಯಾಪಾರದ್ದು. ಅದನ್ನು ಹೇಳಿಕೊಳ್ಳಲು ಯಾವ ಕಲ್ಪನೆಯೂ ಬೇಡ. 1893ರ ಸೆಪ್ಟೆಂಬರ್ 11ರಂದು ಶಿಕಾಗೋದಲ್ಲಿ ಸ್ವಾಮಿ ವಿವೇಕಾನಂದರು ಹೆಮ್ಮೆಪಟ್ಟದ್ದೂ ಇದಕ್ಕೇ. ರೋಮನ್ನರು ದೇವಾಲಯ ಕೆಡವಿದಾಗ ದಕ್ಷಿಣ ಭಾರತಕ್ಕೆ ಬಂದ ಯಹೂದಿಗಳನ್ನು ನಾವು ಎದೆಗಪ್ಪಿಕೊಂಡೆವು ಎಂದರು. ಅವರು ನಮ್ಮವರೇ, ವಾಪಸ್ ಬಂದರು ಅನ್ನಲಿಲ್ಲ. ಸುಮಾರು ಕ್ರಿ.ಶ. 1000ದಲ್ಲಿ ಕೇರಳದ ದೊರೆ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿಗೆ ತಾಮ್ರಪಟ ಬರೆಸಿ ಗೌರವ ಕೊಟ್ಟ. ಕೊಚ್ಚಿಯ ಪರದೇಶಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) 1568ರಲ್ಲಿ ಅರಮನೆಯ ಪಕ್ಕದಲ್ಲೇ ಎದ್ದಿತು. ಕೊಂಕಣದ ಬೆನೆ ಇಸ್ರೇಲಿಗಳು ಗಾಣದ ಕಸುಬು ಮಾಡಿದರು, ಶನಿವಾರ ಗಾಣ ನಿಲ್ಲಿಸಿದರು. ಸುತ್ತಲಿನವರು ಅವರನ್ನು 'ಶನಿವಾರ್ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದು ಕರೆದರೇ ಹೊರತು ಗಾಣ ಓಡಿಸು ಅಂತ ಬಲವಂತ ಮಾಡಲಿಲ್ಲ.

ನಮ್ಮ ಮಂಗಳೂರಿನಲ್ಲೂ 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಟ್ಯುನೀಶಿಯಾ ಕಡೆಯಿಂದ ಬಂದವನು. ಕಂಚು ಹಿತ್ತಾಳೆಯ ಕೆಲಸದ ಕಾರ್ಖಾನೆ ಇಟ್ಟಿದ್ದ, ಮೆಣಸು ಅಡಿಕೆ ಕಳಿಸುತ್ತಿದ್ದ. 1132ರ ಅಕ್ಟೋಬರಿನಲ್ಲಿ ಆಶು ಎಂಬ ಸ್ಥಳೀಯ ಹೆಂಗಸನ್ನು ದಾಸ್ಯದಿಂದ ಬಿಡಿಸಿ ಪತ್ರ ಬರೆದುಕೊಟ್ಟ. ಬೊಮ್ಮ ಎಂಬ ಹೆಸರಿನ ಸ್ಥಳೀಯನೊಬ್ಬ ಅವನ ಪರವಾಗಿ ಅರಬ್ ಕರಾವಳಿಯ ಏಡನ್ ಬಂದರಿಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ. ಈ ಕಾಗದಗಳೆಲ್ಲ ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದು ಈಗ ನಮಗೆ ಸಿಕ್ಕಿವೆ. ಇದು ನಮ್ಮ ಕರಾವಳಿಯ ನಿಜವಾದ ಚರಿತ್ರೆ. ಶಾಲೆಯ ಮಕ್ಕಳಿಗೆ ಇದು ಗೊತ್ತಿಲ್ಲ, ಸುಮ್ನೆ ಕಟ್ಟಿದ ಬ್ರಹ್ಮ-ಅಬ್ರಹಾಮನ ಕಥೆ ಗೊತ್ತು. ಇದು ನನಗೆ ಜಾಸ್ತಿ ನೋವು ಕೊಡುತ್ತದೆ.

'ಏಕಂ ಸತ್ ವಿಪ್ರಾ ಬಹುಧಾ ವದಂತಿ' ಎಂಬ ಋಗ್ವೇದದ ಮಾತನ್ನು ನಾವು ಎಲ್ಲ ವೇದಿಕೆಯಲ್ಲೂ ಹೇಳುತ್ತೇವೆ. ಸತ್ಯ ಒಂದು, ತಿಳಿದವರು ಅದನ್ನು ಹಲವು ರೀತಿ ಹೇಳುತ್ತಾರೆ. ತಿಳಿದವರೆಲ್ಲ ನಮ್ಮ ಹತ್ತಿರವೇ ಕಲಿತರು ಅಂತ ಆ ಋಷಿ ಹೇಳಿಲ್ಲ. ದೂರದ ಮರುಭೂಮಿಯಲ್ಲಿ ಇನ್ನೊಬ್ಬರಿಗೆ ತಾವಾಗಿಯೇ ದೇವರು ಹೊಳೆದರು ಅಂದರೆ ಈ ಮಾತಿಗೆ ಬಲ ಬರುತ್ತದೆ. ಎಲ್ಲ ನಮ್ಮಿಂದಲೇ ಹೋಯಿತು ಅಂದರೆ ಆ ಮಂತ್ರಕ್ಕೆ ಕೆಲಸವೇ ಉಳಿಯುವುದಿಲ್ಲ.

2007ರಲ್ಲಿ ದೆಹಲಿಯಲ್ಲಿ, 2008ರಲ್ಲಿ ಜೆರುಸಲೇಮಿನಲ್ಲಿ ಹಿಂದೂ ಧರ್ಮಗುರುಗಳ ಸಂಘಟನೆಯಾದ ಹಿಂದೂ ಧರ್ಮ ಆಚಾರ್ಯ ಸಭಾದವರೂ ಇಸ್ರೇಲಿನ ಮುಖ್ಯ ರಬ್ಬಿಗಳೂ ಎದುರುಬದುರು ಕೂತು ಮಾತಾಡಿದರು. ಮೂರ್ತಿಪೂಜೆ ಯಹೂದಿಗಳಿಗೆ ಅತಿ ದೊಡ್ಡ ಪಾಪ. ಆದರೂ ಅವರು ನಮ್ಮವರ ಮಾತನ್ನು ಕೂತು ಕೇಳಿದರು. ಹಿಂದೂಗಳು ಪೂಜಿಸುವುದು ಒಬ್ಬ ಪರಮಾತ್ಮನನ್ನೇ, ಮೂರ್ತಿಯನ್ನೇ ದೇವರೆಂದು ತಿಳಿದಿಲ್ಲ ಎಂಬ ಅರ್ಥದ ಮಾತು 2008ರ ಜಂಟಿ ಘೋಷಣೆಯಲ್ಲಿ ಸೇರಿತು. ನಮ್ಮ ಧರ್ಮ ಏನು ಎಂದು ನಮ್ಮ ಬಾಯಿಂದಲೇ ಕೇಳಿ ಒಪ್ಪಿಕೊಂಡರು. ಅವರ ಧರ್ಮ ಎಲ್ಲಿ ಹುಟ್ಟಿತು ಎಂದು ಅವರ ಬಾಯಿಂದ ಕೇಳುವ ಸರದಿ ಈಗ ನಮ್ಮದು. ಆ ಸಂದೇಶ ಮತ್ತೆ ಬಂದಾಗ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಜಗಳ ಮಾಡದೆ ಬೆನ್ ಯಿಜುವಿನ ವಿಷಯ ಹೇಳಿ.