ಆ ಪರದೆ ಬಟ್ಟೆಯ ಬೇರು ನಮ್ಮ ಕಡೆಯದೇ

ಫ್ರೆಂಚ್ ಮನೆಯ ಸೊಗಸು ಬೇಕೆಂದರೆ ಹಳೆಯ ಸಾಮಾನನ್ನೆಲ್ಲ ಹೊರಗೆ ಹಾಕಿ, ಬಿಳಿ ಗೋಡೆಗೆ ತ್ವಾಲ್ ದ ಜೂಯಿ, ಅಂದರೆ ಒಂದೇ ಬಣ್ಣದಲ್ಲಿ ಚಿತ್ರ ಅಚ್ಚೊತ್ತಿದ ಫ್ರೆಂಚ್ ಹತ್ತಿಬಟ್ಟೆಯ ಪರದೆ ಕಟ್ಟಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮೇಡಂ, ಇದನ್ನು ನಾನು ಒಪ್ಪುವುದಿಲ್ಲ. ಆ ಬಟ್ಟೆಯ ಬೇರು ಇರುವುದೇ ಭಾರತದ ಅಚ್ಚಿನ ಹತ್ತಿಬಟ್ಟೆಯಲ್ಲಿ. ನಮ್ಮ ಚೀಟಿ ಬಟ್ಟೆಗೆ ಅಲ್ಲಿಯ ಜನ ಎಷ್ಟು ಮರುಳಾಗಿದ್ದರೆಂದರೆ, ತಮ್ಮ ರೇಷ್ಮೆ, ಉಣ್ಣೆ ನೇಯುವವರನ್ನು ಉಳಿಸಿಕೊಳ್ಳಲು ಫ್ರಾನ್ಸಿನ ರಾಜ 1686ರಲ್ಲಿ ಅದನ್ನು ನಿಷೇಧಿಸಬೇಕಾಯಿತು. 1759ರಲ್ಲಿ ನಿಷೇಧ ಹೋಯಿತು. ಮರುವರ್ಷವೇ ಒಬೆರ್‌ಕಾಂಫ್ ಎಂಬುವನು ಜೂಯಿ ಊರಿನಲ್ಲಿ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ತೆರೆದ; ನೀವು ಹೇಳಿದ ಬಟ್ಟೆಗೆ ಆ ಊರಿನ ಹೆಸರೇ ಬಂತು. ಹತ್ತಿ ಗಿರಣಿಗಳಿಂದಲೇ ಹೆಸರಾದ ದಾವಣಗೆರೆಯಲ್ಲಿ ಕೂತು ಇದನ್ನು ಮರೆಯುವುದು ಹೇಗೆ?

ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ತಿಂಗಳಾದರೂ ಇದ್ದು ಬರಬೇಕು ಅನ್ನೋ ಆಸೆ ನನಗೂ ಕಾಲೇಜಿನ ದಿನಗಳಿಂದ ಇದೆ. ಹೋದ ವರ್ಷ ಮನೆ ರಿಪೇರಿ ಮಾಡಿಸುವಾಗ ಅಲ್ಲಿಯ ಮನೆಗಳಿಂದ ಎರವಲು ಪಡೆದದ್ದು ಒಂದೇ, ಮರದ ಪಟ್ಟಿಯ ಕಿಟಕಿ ಬಾಗಿಲು. ಬೇಸಿಗೆ ಮಧ್ಯಾಹ್ನ ಅಲ್ಲಿಯವರು ಅದನ್ನು ಮುಚ್ಚಿ ಒಳಗೆ ತಂಪು ಉಳಿಸಿಕೊಳ್ಳುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೂ ಅದು ಚೆನ್ನಾಗಿ ಒದಗಿದೆ. ಗೋಡೆಗೆ ಕೆನೆ ಬಣ್ಣ ಸಾಕು, ಇಲ್ಲಿಯ ಧೂಳಿಗೆ ಅಚ್ಚ ಬಿಳಿ ತಡೆಯುವುದಿಲ್ಲ. ಸೋಫಾ ಮೇಲೆ ಅಜ್ಜಿಯ ಚಳ್ಳಕೆರೆ ಕಂಬಳಿ ಹಾಸಿದ್ದೇನೆ. ಸೆರಗು ಹರಿದು ಪೆಟ್ಟಿಗೆ ಸೇರಿದ್ದ ಅವ್ವನ ಮೊಳಕಾಲ್ಮೂರು ಸೀರೆ ಈಗ ಕಿಟಕಿಯ ಪರದೆ. ಬೆಳಗಿನ ಬಿಸಿಲು ಅದರ ನವಿಲುಗಳ ಮೇಲೆ ಬಿದ್ದಾಗ ಅವ್ವ ಕಾಫಿ ಲೋಟ ಹಿಡಿದು ಅಲ್ಲೇ ಬಂದು ಕೂರುತ್ತಾಳೆ.